ಏಳನೆಯವರ ಬೇಸಿಗೆ

1998ರ ಜುಲೈ 12. ಪ್ಯಾರಿಸ್ ಹೊರವಲಯದ ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣದಲ್ಲಿ ವಿಶ್ವಕಪ್ ಫುಟ್‌ಬಾಲ್ ಫೈನಲ್. ಆಟ ಶುರುವಾದಾಗ ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ಕಳೆದು ಅರ್ಧ ಗಂಟೆ. ಎರಡು ಕಾರ್ನರ್, ಎರಡು ಸಲ ತಲೆ ತಾಗಿಸಿದ ಚೆಂಡು, ಎರಡು ಗೋಲು. ಬ್ರೆಜಿಲ್‌ನಂಥ ಬ್ರೆಜಿಲ್ ವಿರಾಮಕ್ಕೆ ಮೊದಲೇ ಕುಸಿದಿತ್ತು. ಆ ಎರಡೂ ಗೋಲು ಹೊಡೆದ ಜಿನೆದಿನ್ ಜಿಡಾನ್ ಹೆಸರು ಮರುದಿನ ಜಗತ್ತಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿತ್ತು. ಅಂದು ಫ್ರಾನ್ಸಿನ ಎಡಗಡೆಯ ರಕ್ಷಣೆ ಬಿಕ್ಸೆಂಟ್ ಲಿಜರಾಜು ಕೈಯಲ್ಲಿ. ಅಮಾನತಿನಿಂದಾಗಿ ಆಡಲಾಗದ ಲಾರೆಂಟ್ ಬ್ಲಾಂಕ್ ಬದಲಿಗೆ ಇಳಿದವರು ಫ್ರಾಂಕ್ ಲೆಬಫ್. ದ್ವಿತೀಯಾರ್ಧದಲ್ಲಿ ಬದಲಿ ಆಟಗಾರನಾಗಿ ಬಂದವರು ಕ್ರಿಸ್ತೋಫ್ ದುಗಾರಿ.

ಈ ನಾಲ್ವರ ಹೆಸರನ್ನು ಒಟ್ಟಿಗೆ ಹೇಳಿದ್ದಕ್ಕೆ ಕಾರಣವಿದೆ. ಸರಿಯಾಗಿ ಮೂರು ವರ್ಷದ ಹಿಂದೆ, 1995ರ ಜೂನ್-ಜುಲೈನಲ್ಲಿ, ಇವರು ಸೇರಿದ್ದ ಎರಡು ಕ್ಲಬ್‌ಗಳು ಒಂದು ಪಂದ್ಯಾವಳಿಯಲ್ಲಿ ಆಡುತ್ತಿದ್ದವು. ಜಿಡಾನ್, ಲಿಜರಾಜು, ದುಗಾರಿ ಇದ್ದದ್ದು ಬೋರ್ಡೊ ಕ್ಲಬ್ಬಿನಲ್ಲಿ. ಲೆಬಫ್ ಇದ್ದದ್ದು ಸ್ಟ್ರಾಸ್‌ಬರ್ಗ್‌ನಲ್ಲಿ. ಆ ಪಂದ್ಯಾವಳಿಗೆ ಫೈನಲ್ ಎಂಬುದೇ ಇರಲಿಲ್ಲ. ಮೆರವಣಿಗೆಯಲ್ಲಿ ಎತ್ತಿ ತೋರಿಸುವಂಥ ಹೆಸರುವಾಸಿ ಕಪ್ಪೂ ಅದಲ್ಲ. ಆಡಬೇಕಾದ ತಂಡಗಳಲ್ಲಿ ಕೆಲವು, ‘ನಮಗೆ ಬೇಡ, ನಮ್ಮನ್ನು ಬಿಟ್ಟುಬಿಡಿ’ ಎಂದು ಬೇಡಿಕೊಂಡಿದ್ದವು. ಅದರ ಹೆಸರು ಇಂಟರ್‌ಟೋಟೊ ಕಪ್.

ಈ ಹೆಸರನ್ನು ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಹೆಚ್ಚಿನವರು ಕೇಳಿರಲಾರರು. ಚಾಂಪಿಯನ್ಸ್ ಲೀಗ್ ಗೊತ್ತು, ಯೂರೋಪಾ ಲೀಗ್ ಗೊತ್ತು, ಇದೇನಿದು ಟೋಟೊ? ಜರ್ಮನ್ ಮಾತನಾಡುವ ನಾಡುಗಳಲ್ಲಿ ಫುಟ್‌ಬಾಲ್ ಫಲಿತಾಂಶ ಊಹಿಸಿ ಹಣ ಕಟ್ಟುವ ಆಟಕ್ಕೆ ಟೋಟೊ ಎನ್ನುತ್ತಾರೆ. ಬಿಚ್ಚಿ ಹೇಳಬೇಕೆಂದರೆ ಬಾಜಿ. ಒಂದು ಚೀಟಿ, ಅದರಲ್ಲಿ ಆ ವಾರದ ಪಂದ್ಯಗಳ ಪಟ್ಟಿ. ಮನೆಯಂಗಳದ ತಂಡ ಗೆಲ್ಲುತ್ತದೆಂದು ತೋರಿದರೆ 1, ಹೊರಗಿನಿಂದ ಬಂದ ತಂಡ ಗೆಲ್ಲುತ್ತದೆಂದಾದರೆ 2, ಸಮವಾಗುತ್ತದೆಂದಾದರೆ ಒಂದು ಅಡ್ಡಗುರುತು. ಗಣಿತ ಇಷ್ಟಪಡುವ ಹುಡುಗ ಹುಡುಗಿಯರು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಚೀಟಿಯಲ್ಲಿ 12 ಪಂದ್ಯಗಳಿವೆ ಎಂದುಕೊಳ್ಳಿ. ಒಂದೊಂದಕ್ಕೂ ಮೂರು ಸಾಧ್ಯತೆ. ಮೂರನ್ನು ಮೂರರಿಂದ ಹೀಗೆ ಹನ್ನೆರಡು ಸಲ ಗುಣಿಸುತ್ತ ಹೋದರೆ ಸಿಗುವುದು 5,31,441. ಕಣ್ಣು ಮುಚ್ಚಿ ತುಂಬಿದ ಚೀಟಿ ಪೂರ್ತಿ ಸರಿಯಾಗುವ ಸಂಭವ ಇಷ್ಟರಲ್ಲಿ ಒಂದು! ಬಾಜಿ ನಡೆಸುವವರು ಏಕೆ ಬಡವರಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಆದರೆ ಈ ವ್ಯಾಪಾರಕ್ಕೆ ಒಂದು ತೊಡಕಿತ್ತು. ಯೂರೋಪಿನ ಬಹುತೇಕ ದೇಶಗಳಲ್ಲಿ ಫುಟ್‌ಬಾಲ್ ಋತು ಆಗಸ್ಟ್ ಹೊತ್ತಿಗೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಜೂನ್, ಜುಲೈ ಅಲ್ಲಿ ಬೇಸಿಗೆ, ಆಟಗಾರರಿಗೆ ರಜೆ. ಪಂದ್ಯವಿಲ್ಲದೆ ಚೀಟಿ ತುಂಬುವುದಾದರೂ ಹೇಗೆ? ಇದಕ್ಕೆ ಮದ್ದು ಹುಡುಕಿದವರು ಸ್ವಿಟ್ಜರ್‌ಲೆಂಡಿನಲ್ಲಿದ್ದ ಇಬ್ಬರು. ಒಬ್ಬರು ಅರ್ನ್‌ಸ್ಟ್ ತೋಮೆನ್. ಆ ದೇಶದ ಬಾಜಿ ಸಂಸ್ಥೆಯಲ್ಲೂ ಅಂತರರಾಷ್ಟ್ರೀಯ ಫುಟ್‌ಬಾಲ್ ಆಡಳಿತದಲ್ಲೂ ಪ್ರಭಾವಿ. ಇನ್ನೊಬ್ಬರು ಕಾರ್ಲ್ ರಪ್ಪನ್. ಆಸ್ಟ್ರಿಯಾದಲ್ಲಿ ಹುಟ್ಟಿ ಸ್ವಿಟ್ಜರ್‌ಲೆಂಡಿನ ತಂಡಕ್ಕೆ ತರಬೇತಿ ಕೊಟ್ಟವರು; 1938ರ ವಿಶ್ವಕಪ್‌ನಲ್ಲಿ ಜರ್ಮನಿಯನ್ನು ಹೊರದಬ್ಬಿದ ತಂಡ ಅವರದೇ. ಬಾಗಿಲಿಗೆ ಅಗುಳಿ ಹಾಕಿದಂತೆ ಗೋಲಿನ ಮುಂದೆ ಒಬ್ಬ ಹೆಚ್ಚುವರಿ ರಕ್ಷಕನನ್ನು ನಿಲ್ಲಿಸುವ ವಿಧಾನಕ್ಕೆ ಅವರ ಹೆಸರನ್ನು ಇಂದೂ ನೆನೆಯುತ್ತಾರೆ. ಬೇಸಿಗೆಯಲ್ಲಿ ಬೇರೆ ಬೇರೆ ದೇಶಗಳ ಕ್ಲಬ್‌ಗಳನ್ನು ಆಡಿಸೋಣ, ಕ್ಲಬ್‌ಗಳಿಗೂ ನಾಲ್ಕು ಕಾಸು ಸಿಗುತ್ತದೆ, ಚೀಟಿಗೂ ಪಂದ್ಯ ಸಿಗುತ್ತದೆ ಎಂದು 1961ರಲ್ಲಿ ಇದನ್ನು ಆರಂಭಿಸಿದರು. ಮೊದಲ ಸಲ ಗೆದ್ದದ್ದು ಹಾಲೆಂಡಿನ ಅಯಾಕ್ಸ್.

ಯೂರೋಪಿನ ಫುಟ್‌ಬಾಲ್ ಆಡಳಿತ ನಡೆಸುವ ಯುಯೆಫಾಗೆ ಬಾಜಿಯ ಸಹವಾಸ ಇಷ್ಟವಿರಲಿಲ್ಲ. ಹಾಗಾಗಿ ಮೂರು ದಶಕಕ್ಕೂ ಮೀರಿ ಈ ಪಂದ್ಯಾವಳಿ ಊರ ಹೊರಗಿನ ಜಾತ್ರೆಯಂತೆ ತನ್ನ ಪಾಡಿಗೆ ತಾನು ನಡೆಯಿತು. 1967ರಿಂದ ಫೈನಲ್ಲೂ ಇಲ್ಲ. ಗುಂಪುಗಳಾಗಿ ಆಡುವುದು, ಪ್ರತಿ ಗುಂಪಿನ ಮೊದಲಿಗನಿಗೆ ಬಹುಮಾನದ ಹಣ ಕೊಡುವುದು, ಅಲ್ಲಿಗೆ ಮುಕ್ತಾಯ. ಒಂದೇ ವರ್ಷ ಏಳೆಂಟು ‘ವಿಜೇತರು’! ಇಂಥದ್ದಕ್ಕೆ ಚರಿತ್ರೆ ಬರೆಯುವವರ ಪಾಡು ಯಾರಿಗೂ ಬೇಡ.

1995ರಲ್ಲಿ ಎಲ್ಲ ಬದಲಾಯಿತು. ಸೋವಿಯತ್ ಒಕ್ಕೂಟ ಮತ್ತು ಯುಗೊಸ್ಲಾವಿಯಾ ಒಡೆದು ಹೊಸ ಹೊಸ ದೇಶಗಳು ಹುಟ್ಟಿಕೊಂಡಿದ್ದವು. ಯೂರೋಪಿನ ಪಂದ್ಯಾವಳಿಗಳಲ್ಲಿ ಜಾಗ ಕೇಳುವ ಕ್ಲಬ್‌ಗಳ ಸಾಲು ಉದ್ದವಾಗಿತ್ತು. ದೊಡ್ಡ ದೇಶಗಳಲ್ಲೋ, ಒಳ್ಳೆಯ ತಂಡವಿದ್ದೂ ಲೀಗ್‌ನಲ್ಲಿ ಒಂದೆರಡು ಸ್ಥಾನ ಹಿಂದೆ ಬಿದ್ದು ವರ್ಷವಿಡೀ ಯೂರೋಪಿನ ಮುಖ ಕಾಣದ ಕ್ಲಬ್‌ಗಳು. ಯುಯೆಫಾ ಆ ಹಳೆಯ ಬೇಸಿಗೆ ಕಪ್ಪನ್ನು ತನ್ನ ಕೈಗೆ ತೆಗೆದುಕೊಂಡು ಅದಕ್ಕೊಂದು ಬಾಗಿಲು ಜೋಡಿಸಿತು. ಕೊನೆಯವರೆಗೂ ಗೆದ್ದು ಬರುವ ಇಬ್ಬರಿಗೆ ಯುಯೆಫಾ ಕಪ್‌ನಲ್ಲಿ ಜಾಗ. ಇಂದಿನ ಯೂರೋಪಾ ಲೀಗ್‌ನ ಹಿಂದಿನ ಹೆಸರೇ ಯುಯೆಫಾ ಕಪ್.

ಏರ್ಪಾಡು ಹೀಗಿತ್ತು. 60 ತಂಡಗಳು, ಐದೈದರ 12 ಗುಂಪುಗಳು. ಗುಂಪಿನೊಳಗೆ ಪ್ರತಿ ತಂಡಕ್ಕೂ ನಾಲ್ಕು ಪಂದ್ಯ, ಎರಡು ತವರಿನಲ್ಲಿ, ಎರಡು ಹೊರಗೆ. ಗುಂಪಿನ 12 ಅಗ್ರಸ್ಥಾನಿಗಳ ಜತೆಗೆ ಎರಡನೆಯವರಲ್ಲಿ ಉತ್ತಮರಾದ ನಾಲ್ವರು ಸೇರಿ ಹದಿನಾರರ ಸುತ್ತು. ಅಲ್ಲಿಂದ ಕ್ವಾರ್ಟರ್ ಫೈನಲ್. ಈ ಎರಡು ಸುತ್ತುಗಳಲ್ಲಿ ಒಂದೇ ಪಂದ್ಯ, ಸೋತವರು ಮನೆಗೆ. ಸೆಮಿಫೈನಲ್ ಮಾತ್ರ ಎರಡು ಪಂದ್ಯಗಳದ್ದು. ಎರಡು ಸೆಮಿಫೈನಲ್ ಗೆದ್ದ ಇಬ್ಬರೂ ಒಳಗೆ. ಒಟ್ಟು 136 ಪಂದ್ಯ ಆಡಿಸಿ ಹುಡುಕಿದ್ದು ಎರಡೇ ತಂಡಗಳನ್ನು. ಅರವತ್ತು ಜನ ಬರೆದ ಪರೀಕ್ಷೆಗೆ ಎರಡು ಸೀಟು ಎಂದರೆ ನಮ್ಮ ಪೋಷಕರಿಗೆ ಬೇಗ ಅರ್ಥವಾದೀತು.

ಈಗ ನಿಜವಾದ ಕಥೆಗೆ ಬರೋಣ. 1994-95ರ ಋತುವಿನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಬಂದದ್ದು ಏಳನೆಯ ಸ್ಥಾನಕ್ಕೆ. ಅದೇ ಋತುವಿನಲ್ಲಿ ಫ್ರಾನ್ಸಿನ ಲೀಗ್‌ನಲ್ಲಿ ಬೋರ್ಡೊ ಬಂದದ್ದೂ ಏಳನೆಯ ಸ್ಥಾನಕ್ಕೆ. ಎರಡೂ ಹಳೆಯ, ಹೆಸರಾಂತ ಕ್ಲಬ್‌ಗಳು. ಎರಡಕ್ಕೂ ಆ ವರ್ಷ ಯೂರೋಪಿನಲ್ಲಿ ನೇರ ಪ್ರವೇಶವಿಲ್ಲ. ಎರಡಕ್ಕೂ ಬಂದದ್ದು ಒಂದೇ ಕರೆ: ಜೂನ್ ಕೊನೆಗೆ ಬೂಟು ಕಟ್ಟಿ ಬನ್ನಿ.

ಇಂಗ್ಲೆಂಡಿನಲ್ಲಿ ಈ ಕರೆಗೆ ಯಾರೂ ಸಂತೋಷಪಡಲಿಲ್ಲ. ಪ್ರೀಮಿಯರ್ ಲೀಗ್ ಕ್ಲಬ್‌ಗಳು ಒಂದರ ಹಿಂದೊಂದರಂತೆ ಬೇಡವೆಂದವು. ನೀವು ಬರದಿದ್ದರೆ ಇಂಗ್ಲೆಂಡಿನ ಉಳಿದ ಕ್ಲಬ್‌ಗಳ ಯೂರೋಪ್ ಪ್ರವೇಶಕ್ಕೇ ಕುತ್ತು ಬರುತ್ತದೆ ಎಂಬ ಎಚ್ಚರಿಕೆ ಯುಯೆಫಾದಿಂದ ಬಂತು. ಕೊನೆಗೆ ಮೂರು ಕ್ಲಬ್‌ಗಳು ಒಲ್ಲದ ಮನಸ್ಸಿನಿಂದ ಹೊರಟವು: ಏಳನೆಯ ಟಾಟೆನ್‌ಹ್ಯಾಮ್, ಒಂಬತ್ತನೆಯ ವಿಂಬಲ್ಡನ್, ಹದಿಮೂರನೆಯ ಶೆಫೀಲ್ಡ್ ವೆಡ್ನೆಸ್‌ಡೇ.

ಅವರ ಅಸಮಾಧಾನದಲ್ಲಿ ಹುರುಳಿಲ್ಲ ಎನ್ನಲಾಗದು. ಮೇ ತಿಂಗಳವರೆಗೆ ಆಡಿದ ಆಟಗಾರರಿಗೆ ಜೂನ್‌ನಲ್ಲಿ ಮೈಕೈ ನೋವು ಆರುವಷ್ಟಾದರೂ ಬಿಡುವು ಬೇಕು. ಹೆಂಡತಿ ಮಕ್ಕಳ ಜತೆ ರಜೆಗೆಂದು ಮೊದಲೇ ಟಿಕೆಟ್ ತೆಗೆದಿಟ್ಟವರಿದ್ದರು. ಬೇಸಿಗೆಯೆಂದರೆ ಮೈದಾನದ ಹುಲ್ಲಿಗೂ ರಿಪೇರಿಯ ಕಾಲ. ಬೆದರಿಸಿ ಆಡಿಸುವ ಆಟದಲ್ಲಿ ಆಟವೆಷ್ಟು ಉಳಿದೀತು ಎಂದು ಯಾರಾದರೂ ಕೇಳಿದರೆ ನಾನೂ ತಲೆದೂಗುತ್ತೇನೆ. ಆದರೆ ಇದೇ ಇಂಗ್ಲೆಂಡಿನ ಇನ್ನೊಂದು ನೆನಪೂ ಇದೆ. 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್-ಜುವೆಂಟಸ್ ಫೈನಲ್‌ಗೆ ಮೊದಲು ನಡೆದ ಗಲಭೆಯಲ್ಲಿ ಗೋಡೆ ಕುಸಿದು 39 ಮಂದಿ ಸತ್ತರು. ಆಮೇಲೆ ಐದು ವರ್ಷ ಇಂಗ್ಲೆಂಡಿನ ಯಾವ ಕ್ಲಬ್ಬಿಗೂ ಯೂರೋಪಿನ ಬಾಗಿಲು ತೆರೆಯಲಿಲ್ಲ. ಎಷ್ಟೋ ಆಟಗಾರರ ಒಳ್ಳೆಯ ವರ್ಷಗಳು ಆ ಐದರಲ್ಲಿ ಕಳೆದುಹೋದವು.

ಹಾಗೆ ಕಳೆದುಕೊಂಡವರಲ್ಲಿ ವಿಂಬಲ್ಡನ್ ಕೂಡ ಒಂದು. ಈ ಹೆಸರು ಕೇಳಿದರೆ ನಮಗೆ ನೆನಪಾಗುವುದು ಟೆನಿಸ್. ಅದೇ ಲಂಡನ್ ಬಡಾವಣೆಯ ಫುಟ್‌ಬಾಲ್ ತಂಡ ಇದು. 1977ರವರೆಗೆ ಲೀಗ್‌ನೊಳಗೇ ಇಲ್ಲದಿದ್ದ ಸಣ್ಣ ಕ್ಲಬ್, ಹತ್ತು ವರ್ಷಗಳಲ್ಲಿ ಏಣಿಯ ಮೆಟ್ಟಿಲುಗಳನ್ನೆಲ್ಲ ಏರಿ ಮೊದಲ ದರ್ಜೆಗೆ ಬಂತು. 1988ರಲ್ಲಿ ಬಲಿಷ್ಠ ಲಿವರ್‌ಪೂಲನ್ನು 1-0ಯಿಂದ ಸೋಲಿಸಿ ಎಫ್.ಎ. ಕಪ್ಪನ್ನೇ ಗೆದ್ದಿತು. ಆ ಕಪ್ ಗೆದ್ದವರು ಮರುವರ್ಷ ಯೂರೋಪಿನ ಕಪ್ ವಿಜೇತರ ಪಂದ್ಯಾವಳಿಗೆ ಹೋಗುವುದು ವಾಡಿಕೆ. ವಿಂಬಲ್ಡನ್ನಿಗೆ ಹೋಗಲಾಗಲಿಲ್ಲ, ನಿಷೇಧ ಇನ್ನೂ ಇತ್ತು. ಗಲಭೆ ಮಾಡಿದವರು ಯಾರೋ, ಬೆಲೆ ತೆತ್ತವರು ಇನ್ಯಾರೋ. ಅಂಥ ಕ್ಲಬ್ಬಿಗೆ ಏಳು ವರ್ಷದ ಮೇಲೆ ಯೂರೋಪಿನಿಂದ ಕರೆ ಬಂದಾಗ ಅದು ಕಳಿಸಿದ್ದು ಹುಡುಗರು ತುಂಬಿದ ತಂಡವನ್ನು.

ಟಾಟೆನ್‌ಹ್ಯಾಮ್ ಮಾಡಿದ್ದೂ ಅದನ್ನೇ. ಹೆಸರಾಂತ ಆಟಗಾರರು ರಜೆಯಲ್ಲಿ. ಕಿರಿಯರ ತಂಡದ ಹುಡುಗರು, ಬೇರೆ ಕ್ಲಬ್‌ಗಳಿಂದ ಈ ಪಂದ್ಯಗಳ ಮಟ್ಟಿಗೆ ಎರವಲು ತಂದ ಆಟಗಾರರು, ಇವರೇ ಕಣದಲ್ಲಿ. ಹೀಗೆ ಎರವಲು ಬಂದವರಲ್ಲಿ ಮುಂದೆ ಮ್ಯಾನೇಜರ್ ಆಗಿ ಹೆಸರು ಮಾಡಿದ ಅಲನ್ ಪಾರ್ಡ್ಯೂ ಕೂಡ ಇದ್ದರು. ಟಾಟೆನ್‌ಹ್ಯಾಮ್ ಮತ್ತು ವಿಂಬಲ್ಡನ್ ಎರಡೂ ತಮ್ಮ ‘ತವರಿನ’ ಪಂದ್ಯಗಳನ್ನು ಆಡಿದ್ದು ಲಂಡನ್ನಿನಲ್ಲೇ ಅಲ್ಲ, ದಕ್ಷಿಣದ ಕಡಲತೀರದ ಬ್ರೈಟನ್ ಕ್ಲಬ್ಬಿನ ಗೋಲ್ಡ್‌ಸ್ಟೋನ್ ಮೈದಾನದಲ್ಲಿ. ತವರು ತಂಡವನ್ನು ನೋಡಬೇಕಾದರೆ ಅಭಿಮಾನಿ ರೈಲು ಹತ್ತಿ ಹೊರಡಬೇಕು, ಹೋದರೂ ಅಲ್ಲಿ ಕಾಣುವ ಮುಖಗಳು ಪರಿಚಯದವಲ್ಲ.

ಫಲಿತಾಂಶ ಊಹಿಸಲು ಟೋಟೊ ಚೀಟಿ ಬೇಕಿರಲಿಲ್ಲ. ಟಾಟೆನ್‌ಹ್ಯಾಮ್ ಸ್ವಿಟ್ಜರ್‌ಲೆಂಡಿನ ಲುಸೆರ್ನ್‌ಗೆ ಸೋತಿತು. ಸ್ಲೊವೇನಿಯಾದ ರುದಾರ್ ವೆಲೆನ್ಯೆ ಎದುರು ಒಂದು ಗೆಲುವು. ಸ್ವೀಡನ್ನಿನ ಓಸ್ಟರ್‌ಗೆ ಮತ್ತೆ ಸೋಲು. ಕೊನೆಯದಾಗಿ ಜುಲೈ 22ರಂದು ಜರ್ಮನಿಯ ಕೊಲೋನ್‌ನಲ್ಲಿ 8-0. ಎಂಟು ಗೋಲು! ಒಂದು ಶತಮಾನಕ್ಕೂ ಹಳೆಯದಾದ ಕ್ಲಬ್ಬಿನ ಚರಿತ್ರೆಯಲ್ಲಿ ಅದುವರೆಗೆ ಕಾಣದಂಥ ಸೋಲು. ವಿಂಬಲ್ಡನ್ ತನ್ನ ‘ತವರಿನಲ್ಲೇ’ ಟರ್ಕಿಯ ಬುರ್ಸಾಸ್ಪೋರ್‌ಗೆ 4-0 ಸೋತಿತ್ತು.

ಕೊಲೋನ್‌ನ ಆ ಸಂಜೆಯ ಬಗ್ಗೆ ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಹೋಗುವುದು ಕ್ಲಬ್ಬಿನ ಮಾನದ ಕಡೆಗಲ್ಲ, ಆ ಹುಡುಗರ ಕಡೆಗೆ. ಹದಿನೆಂಟು, ಇಪ್ಪತ್ತರ ವಯಸ್ಸು. ದೊಡ್ಡ ಕ್ಲಬ್ಬಿನ ಬಿಳಿಯಂಗಿ ತೊಟ್ಟು ಯೂರೋಪಿನ ಮೈದಾನಕ್ಕೆ ಇಳಿಯುವುದು ಚಿಕ್ಕಂದಿನ ಕನಸು. ಇಳಿದ ದಿನ ಜತೆಗೆ ನಿಂತು ‘ಹೀಗೆ ನಿಲ್ಲು, ಅತ್ತ ಓಡು’ ಎನ್ನಬೇಕಾದ ಹಿರಿಯರು ಎಲ್ಲೋ ಸಮುದ್ರದ ದಂಡೆಯಲ್ಲಿ. ಮೂರನೆಯ ಗೋಲು ಬಿದ್ದಾಗಲೂ ನಾಲ್ಕನೆಯದು ಬಿದ್ದಾಗಲೂ ಚೆಂಡನ್ನು ಬಲೆಯಿಂದ ತೆಗೆದು ಮತ್ತೆ ಮಧ್ಯಕ್ಕೆ ತಂದವರು ಅವರೇ. ದಾಖಲೆಯ ಪುಸ್ತಕದಲ್ಲಿ ಉಳಿದದ್ದೂ ಅವರ ಹೆಸರುಗಳೇ. ಬೇಡವೆಂದು ತೀರ್ಮಾನಿಸಿದವರ ಹೆಸರು ಅಲ್ಲಿಲ್ಲ. ಗೆಲ್ಲುವ ಮನಸ್ಸಿಲ್ಲದ ಕಡೆಗೆ ಮಕ್ಕಳನ್ನು ಕಳಿಸಿ, ಸೋತು ಬಂದ ಮೇಲೆ ಅಂಕಪಟ್ಟಿಯನ್ನು ಅವರ ಕೈಗೇ ಕೊಟ್ಟಂತಾಯಿತು.

ಯುಯೆಫಾ ಸಿಟ್ಟಾಯಿತು. ದುರ್ಬಲ ತಂಡಗಳನ್ನು ಇಳಿಸಿದ್ದಕ್ಕಾಗಿ ಟಾಟೆನ್‌ಹ್ಯಾಮ್ ಮತ್ತು ವಿಂಬಲ್ಡನ್‌ಗೆ ಯೂರೋಪಿನ ಪಂದ್ಯಾವಳಿಗಳಿಂದ ಒಂದು ವರ್ಷದ ನಿಷೇಧ ವಿಧಿಸಿತು. ಮೇಲ್ಮನವಿಯಲ್ಲಿ ಅದು ರದ್ದಾಯಿತೆನ್ನಿ. ಶೆಫೀಲ್ಡ್ ವೆಡ್ನೆಸ್‌ಡೇ ಈ ಪಟ್ಟಿಯಲ್ಲಿ ಸೇರಲಿಲ್ಲ. ಮೂವರಲ್ಲಿ ಸ್ವಲ್ಪ ಮರ್ಯಾದೆಯಿಂದ ಆಡಿದ್ದು ಅದೇ. ತನ್ನ ಗುಂಪಿನಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆ ಹಿಂದೆ ಎರಡನೆಯದಾಗಿ ನಿಂತಿತು, ಮುಂದಿನ ಸುತ್ತು ಮಾತ್ರ ಸಿಗಲಿಲ್ಲ.

ಇದೇ ಹೊತ್ತಿಗೆ ಬೇಡವೆನ್ನುವ ಅನುಕೂಲವೇ ಇಲ್ಲದ ತಂಡಗಳೂ ಇದ್ದವು. ವೇಲ್ಸ್‌ನ ರಾಂಡಾ ಕಣಿವೆಯಲ್ಲಿ ಟನ್ ಪೆಂಟ್ರ್ ಎಂಬ ಹಳೆಯ ಕಲ್ಲಿದ್ದಲು ಹಳ್ಳಿಯಿದೆ. ಅದರ ತಂಡದವರು ಆ ಬೇಸಿಗೆಯಲ್ಲಿ ಹಾಲೆಂಡಿನ ಹೀರೆನ್‌ವೀನ್‌ನಂಥ ವೃತ್ತಿಪರ ಕ್ಲಬ್ಬಿನೆದುರು ಆಡಿದರು. ಗೆಲ್ಲುವ ಮಾತು ದೂರವೇ ಉಳಿಯಿತು. ಆದರೆ ಹಳ್ಳಿಯ ತಂಡವೊಂದು ಯೂರೋಪಿನಲ್ಲಿ ಆಡಿತಲ್ಲ! ಲಂಡನ್ನಿನ ಕ್ಲಬ್‌ಗಳು ಹೊರೆಯೆಂದುಕೊಂಡದ್ದೇ ಅವರಿಗೆ ಬದುಕಿನಲ್ಲೊಮ್ಮೆ ಬರುವ ಹಬ್ಬ.

ಇನ್ನು ಆ ಇನ್ನೊಬ್ಬ ಏಳನೆಯವನ ಕಡೆ ನೋಡೋಣ. ಬೋರ್ಡೊ ಎಂದರೆ ಫ್ರಾನ್ಸಿನ ನೈಋತ್ಯದ ಬಂದರು ನಗರ, ದ್ರಾಕ್ಷಿ ತೋಟಗಳ ನಾಡು. ಕ್ಲಬ್ಬಿನ ತರಬೇತುದಾರ ಸ್ಲಾವೊಲ್ಯುಬ್ ಮುಸ್ಲಿನ್. ಪಂದ್ಯಾವಳಿ ಶುರುವಾಗುವ ವಾರವೇ ಜಿಡಾನ್‌ಗೆ 23 ತುಂಬಿತ್ತು. ಹಿಂದಿನ ವರ್ಷವಷ್ಟೇ ಫ್ರಾನ್ಸ್ ತಂಡಕ್ಕೆ ಕಾಲಿಟ್ಟು, ಮೊದಲ ಪಂದ್ಯದಲ್ಲೇ ಬದಲಿಯಾಗಿ ಬಂದು ಎರಡು ಗೋಲು ಹೊಡೆದಿದ್ದ ಹುಡುಗ. ರಜೆ ಅವರಿಗೂ ಬೇಕಿತ್ತು, ಬಿಸಿಲು ಅಲ್ಲಿಯೂ ಇತ್ತು. ಆದರೂ ಬೋರ್ಡೊ ತನ್ನ ಗುಂಪನ್ನು ದಾಟಿತು. ಹದಿನಾರರ ಸುತ್ತಿನಲ್ಲಿ ಜರ್ಮನಿಯ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟನ್ನು 3-0 ಸೋಲಿಸಿತು. ಕ್ವಾರ್ಟರ್ ಫೈನಲ್‌ನಲ್ಲಿ ಟನ್ ಪೆಂಟ್ರ್ ಗುಂಪಿನಿಂದ ಬಂದ ಅದೇ ಹೀರೆನ್‌ವೀನ್ ಎದುರು 2-0. ಸೆಮಿಫೈನಲ್‌ನಲ್ಲಿ ಕಾರ್ಲ್ಸ್‌ರುಹೆ, ಅವರ ನೆಲದಲ್ಲಿ 2-0 ಗೆದ್ದು, ತನ್ನ ನೆಲದಲ್ಲಿ 2-2. ಇನ್ನೊಂದು ಸೆಮಿಫೈನಲ್‌ನಲ್ಲಿ ಫ್ರೆಂಚ್ ಲೀಗ್‌ನ ಹತ್ತನೆಯ ಸ್ಥಾನಿ ಸ್ಟ್ರಾಸ್‌ಬರ್ಗ್, ಆಸ್ಟ್ರಿಯಾದ ಟಿರೋಲ್ ಇನ್ಸ್‌ಬ್ರುಕ್ ತಂಡವನ್ನು ತವರಿನಲ್ಲಿ 6-1ರಿಂದ ಜಾಲಾಡಿತು. ಎರಡು ಸೀಟು, ಎರಡೂ ಫ್ರಾನ್ಸಿಗೆ. ಇವರು ಬೇಸಿಗೆಯ ಪಂದ್ಯಗಳನ್ನು ಹೊಸ ಋತುವಿನ ತಾಲೀಮೆಂದು ತಿಳಿದರು, ಜತೆಗೆ ಗೆದ್ದರೆ ಏನೋ ಸಿಗುತ್ತದೆ ಎಂಬುದನ್ನೂ ಮರೆಯಲಿಲ್ಲ. ಇದರಲ್ಲಿ ದೊಡ್ಡ ತತ್ತ್ವವೇನೂ ಇಲ್ಲ, ಲೆಕ್ಕಾಚಾರವಷ್ಟೇ.

ಸ್ಟ್ರಾಸ್‌ಬರ್ಗ್‌ನ ಓಟ ಯುಯೆಫಾ ಕಪ್‌ನ ಎರಡನೆಯ ಸುತ್ತಿನಲ್ಲಿ ಎ.ಸಿ. ಮಿಲಾನ್ ಎದುರು ನಿಂತಿತು. ಬೋರ್ಡೊ ನಿಲ್ಲಲಿಲ್ಲ. ಮೊದಲು ಮ್ಯಾಸಿಡೋನಿಯಾದ ವರ್ದಾರ್. ನಂತರ ರಷ್ಯಾದ ರೋಟರ್ ವೋಲ್ಗೊಗ್ರಾಡ್. ಅದು ಆಗಷ್ಟೇ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಮನೆಗೆ ಕಳಿಸಿ ಬಂದಿತ್ತು. ಮೂರನೆಯ ಸುತ್ತಿನಲ್ಲಿ ಸ್ಪೇನಿನ ರಿಯಲ್ ಬೆಟಿಸ್. 1995ರ ಡಿಸೆಂಬರ್‌ನಲ್ಲಿ ಸೆವಿಲ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಜಿಡಾನ್ ಬಹುದೂರದಿಂದ, ಪುಟಿದ ಚೆಂಡನ್ನು ಎಡಗಾಲಿನಲ್ಲಿ ಎತ್ತಿ ಹೊಡೆದರು. ಗೋಲು ಬಿಟ್ಟು ಮುಂದೆ ಬಂದಿದ್ದ ಕೀಪರ್ ತಲೆಯ ಮೇಲಿಂದ ಹಾರಿ ಅದು ಬಲೆಗೆ ಬಿತ್ತು. ಇಂದೂ ಅವರ ಅತ್ಯುತ್ತಮ ಗೋಲುಗಳ ಮಾತು ಬಂದಾಗ ಇದನ್ನು ಬಿಡುವವರಿಲ್ಲ.

ಕ್ವಾರ್ಟರ್ ಫೈನಲ್‌ಗೆ ಎದುರಾದದ್ದು ಅದೇ ಮಿಲಾನ್. 1994ರ ಯೂರೋಪ್ ಚಾಂಪಿಯನ್, 1995ರ ರನ್ನರ್ ಅಪ್. ತಂಡದಲ್ಲಿ ಬರೇಸಿ, ಮಾಲ್ದಿನಿ, ರಾಬರ್ಟೊ ಬಾಜಿಯೊ, ಮುಂದೆ ಲೈಬೀರಿಯಾದ ಅಧ್ಯಕ್ಷರೇ ಆದ ಜಾರ್ಜ್ ವಿಯಾ. ಮಿಲಾನ್‌ನಲ್ಲಿ ಬೋರ್ಡೊ 2-0 ಸೋತಿತು. ಅಷ್ಟರಲ್ಲಿ ಕ್ಲಬ್ ತರಬೇತುದಾರರನ್ನೂ ಬದಲಿಸಿತ್ತು. ಮುಸ್ಲಿನ್ ಜಾಗಕ್ಕೆ ಗೆರ್ನಾಟ್ ರೋರ್ ಬಂದಿದ್ದರು. ಇನ್ನು ಮುಗಿಯಿತು ಎಂದುಕೊಂಡವರೇ ಹೆಚ್ಚು. 1996ರ ಮಾರ್ಚ್ 19ರ ರಾತ್ರಿ ಬೋರ್ಡೊದಲ್ಲಿ ದಿದಿಯೆ ಥೋಲೊ ಒಂದು ಗೋಲು, ದುಗಾರಿ ಎರಡು ಗೋಲು. 3-0! ಒಟ್ಟು 3-2ರಿಂದ ಮಿಲಾನ್ ಹೊರಗೆ. ಏಳು ತಿಂಗಳ ಹಿಂದೆ ಇಂಟರ್‌ಟೋಟೊ ಆಡುತ್ತಿದ್ದ ತಂಡ ಇದು.

ಸೆಮಿಫೈನಲ್‌ನಲ್ಲಿ ಪ್ರಾಗ್‌ನ ಸ್ಲಾವಿಯಾ ವಿರುದ್ಧ ಎರಡೂ ಕಡೆ 1-0. ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್. ಇಲ್ಲೊಂದು ಸ್ವಾರಸ್ಯ ನೋಡಿ. ಬಯರ್ನ್ ಮುನ್ಪಡೆಯಲ್ಲಿದ್ದವರು ಯುರ್ಗೆನ್ ಕ್ಲಿನ್ಸ್‌ಮನ್. 1994-95ರಲ್ಲಿ ಅವರು ಆಡಿದ್ದು ಟಾಟೆನ್‌ಹ್ಯಾಮ್ ಪರವಾಗಿ, ಇಂಗ್ಲೆಂಡಿನ ವರ್ಷದ ಆಟಗಾರ ಎನಿಸಿಕೊಂಡದ್ದೂ ಅಲ್ಲಿಯೇ. ಟಾಟೆನ್‌ಹ್ಯಾಮ್ ಹುಡುಗರು ಇಂಟರ್‌ಟೋಟೊಗೆ ಹೊರಟ ಆ ಬೇಸಿಗೆಯಲ್ಲೇ ಅವರು ಕ್ಲಬ್ ಬಿಟ್ಟು ಮ್ಯೂನಿಕ್‌ಗೆ ನಡೆದಿದ್ದರು. ಹೊಸ ಕ್ಲಬ್ಬಿನಲ್ಲಿ ಆ ಯುಯೆಫಾ ಕಪ್ ಒಂದರಲ್ಲೇ 15 ಗೋಲು ಹೊಡೆದರು. ಒಬ್ಬ ಏಳನೆಯವನಿಂದ ಹೊರಟವರು ಇನ್ನೊಬ್ಬ ಏಳನೆಯವನ ಎದುರು ಫೈನಲ್‌ನಲ್ಲಿ ನಿಂತರು.

ಬೋರ್ಡೊಗೆ ಅದೃಷ್ಟ ಅಲ್ಲಿ ಕೈಕೊಟ್ಟಿತು. ಮೇ 1ರಂದು ಮ್ಯೂನಿಕ್‌ನಲ್ಲಿ ನಡೆದ ಮೊದಲ ಪಂದ್ಯಕ್ಕೆ ಅಮಾನತಿನಿಂದಾಗಿ ಜಿಡಾನ್ ಇಲ್ಲ, ದುಗಾರಿಯೂ ಇಲ್ಲ. 2-0 ಸೋಲು. ಮೇ 15ರಂದು ಬೋರ್ಡೊದಲ್ಲಿ 3-1. ಕ್ಲಿನ್ಸ್‌ಮನ್ ಅಂದೂ ಒಂದು ಗೋಲು ಹೊಡೆದರು. ಕಪ್ ಮ್ಯೂನಿಕ್‌ಗೆ ಹೋಯಿತು.

ಲೆಕ್ಕ ಹಾಕಿದರೆ ಬೋರ್ಡೊ ಆ ಒಂದು ಋತುವಿನಲ್ಲಿ ಯೂರೋಪಿನಲ್ಲೇ 20 ಪಂದ್ಯ ಆಡಿತ್ತು, ಎಂಟು ಬೇಸಿಗೆಯಲ್ಲಿ, ಹನ್ನೆರಡು ಆಮೇಲೆ. ಇದಕ್ಕೆ ಬೆಲೆ ಕೊಡಬೇಕಾಗಲಿಲ್ಲ ಎಂದರೆ ಸುಳ್ಳಾದೀತು. ಫ್ರಾನ್ಸಿನ ಲೀಗ್‌ನಲ್ಲಿ ಆ ವರ್ಷ ಬೋರ್ಡೊ ಜಾರಿದ್ದು 16ನೆಯ ಸ್ಥಾನಕ್ಕೆ. ಮಿಲಾನನ್ನು ಸೋಲಿಸಿದವರು ತಮ್ಮೂರಿನ ಲೀಗ್‌ನಲ್ಲಿ ತಳದ ಹತ್ತಿರ ಏದುಸಿರು ಬಿಡುತ್ತಿದ್ದರು. ಆಟಗಾರರಿಗೆ ಬೇಸಿಗೆಯಲ್ಲಿ ವಿಶ್ರಾಂತಿ ಬೇಕು ಎಂದ ಇಂಗ್ಲಿಷರ ಮಾತು ಪೂರ್ತಿ ನೆಪವಾಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಎರಡು ಕಡೆಯ ಖರ್ಚನ್ನೂ ನೋಡಿ ಹೇಳುವುದಾದರೆ, ನನಗೆ ಬೋರ್ಡೊದವರ ಆಯ್ಕೆಯೇ ಹೆಚ್ಚು ಇಷ್ಟ. 16ನೆಯ ಸ್ಥಾನ ಮರೆತುಹೋಯಿತು, ಮಿಲಾನ್ ವಿರುದ್ಧದ ರಾತ್ರಿಯನ್ನು ಆ ಊರು ಮರೆತಿಲ್ಲ. 1996ರ ಬೇಸಿಗೆಯಲ್ಲಿ ಜಿಡಾನ್ ಇಟಲಿಯ ಜುವೆಂಟಸ್‌ಗೆ, ದುಗಾರಿ ತಾನು ಸೋಲಿಸಿದ ಅದೇ ಮಿಲಾನ್‌ಗೆ, ಲಿಜರಾಜು ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊಗೆ ಹೊರಟರು. ಲೆಬಫ್ ಲಂಡನ್ನಿನ ಚೆಲ್ಸಿ ಸೇರಿದರು.

ಇಂಟರ್‌ಟೋಟೊಗೆ ಮರುವರ್ಷದಿಂದ ಎರಡರ ಬದಲು ಮೂರು ಸೀಟು. ಹೀಗಳೆಯುವವರು ಹೀಗಳೆಯುತ್ತಲೇ ಇದ್ದರು, ಆಡುವವರು ಆಡುತ್ತಲೇ ಇದ್ದರು. 1999ರಲ್ಲಿ ಇದರ ಮೂಲಕವೇ ಯುಯೆಫಾ ಕಪ್‌ಗೆ ಹೋದ ಮೂವರಲ್ಲಿ ಒಂದು ಜುವೆಂಟಸ್. ಹೌದು, ಆಗಲೂ ಜಿಡಾನ್ ಇದ್ದ ಜುವೆಂಟಸ್! ವಿಶ್ವಕಪ್ ಗೆದ್ದು, ಯೂರೋಪಿನ ಶ್ರೇಷ್ಠ ಆಟಗಾರನೆನಿಸಿಕೊಂಡ ಮರುವರ್ಷ ಅವರ ಕ್ಲಬ್ ಮತ್ತೆ ಇದೇ ಹಿಂಬಾಗಿಲ ಮುಂದೆ ಸಾಲಿನಲ್ಲಿ ನಿಂತಿತ್ತು. ಆ ವರ್ಷದ ಮೂವರಲ್ಲಿ ಇನ್ನೊಂದು ಲಂಡನ್ನಿನ ವೆಸ್ಟ್ ಹ್ಯಾಮ್. ನಾಲ್ಕು ವರ್ಷದಲ್ಲಿ ಇಂಗ್ಲಿಷರ ಮನಸ್ಸೂ ಅಷ್ಟು ಬದಲಾಗಿತ್ತು. 2008ರ ಬೇಸಿಗೆ ಇಂಟರ್‌ಟೋಟೊದ ಕೊನೆಯ ಬೇಸಿಗೆಯಾಯಿತು. ಮರುವರ್ಷ ಯುಯೆಫಾ ಕಪ್ ಯೂರೋಪಾ ಲೀಗ್ ಆಗಿ ಬದಲಾದಾಗ, ಅರ್ಹತಾ ಸುತ್ತುಗಳು ಅದರೊಳಗೇ ಸೇರಿಹೋದವು. ಈಗ ಜುಲೈನಲ್ಲಿ ಸಣ್ಣ ದೇಶಗಳ ಕ್ಲಬ್‌ಗಳು ಸದ್ದಿಲ್ಲದೆ ಆಡುವ ಆ ಪಂದ್ಯಗಳನ್ನು ಯಾರೂ ಇಂಟರ್‌ಟೋಟೊ ಎನ್ನುವುದಿಲ್ಲ.

ವಿಂಬಲ್ಡನ್ ಏನಾಯಿತು ಎಂದು ಕೇಳಿದಿರಾ? 2000ರಲ್ಲಿ ಅದು ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. 2003ರಲ್ಲಿ ಮಾಲೀಕರು ಕ್ಲಬ್ಬನ್ನು ಲಂಡನ್ನಿನಿಂದ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಎತ್ತಿಕೊಂಡು ಹೋದರು. ಮರುವರ್ಷ ಹೆಸರನ್ನೂ ಬದಲಿಸಿದರು. ಸಿಟ್ಟಿಗೆದ್ದ ಅಭಿಮಾನಿಗಳು ಅಷ್ಟರಲ್ಲೇ, 2002ರಲ್ಲಿ, ತಮ್ಮದೇ ಹೊಸ ಕ್ಲಬ್ ಕಟ್ಟಿಕೊಂಡು ತಳದಿಂದ ಮತ್ತೆ ಹತ್ತತೊಡಗಿದ್ದರು. ಆ ಹಳೆಯ ವಿಂಬಲ್ಡನ್ನಿನ ಯೂರೋಪ್ ದಾಖಲೆ ಹುಡುಕಿದರೆ ಸಿಗುವುದು ಒಂದೇ ಸಾಲು. 1995ರ ಇಂಟರ್‌ಟೋಟೊ ಕಪ್, ನಾಲ್ಕು ಪಂದ್ಯ, ಗೆಲುವು ಒಂದೂ ಇಲ್ಲ.